ಗ್ರಾಮ ಪಂಚಾಯಿತಿ ಪ್ರದೇಶವನ್ನು ಪುರಸಭೆ ಅಥವಾ ನಗರಸಭೆಗೆ ಸೇರಿಸುವ ಪ್ರಸ್ತಾವನೆ: ಕಾನೂನು, ಪರಿಣಾಮ ಮತ್ತು ಆಕ್ಷೇಪಣೆ ಸಲ್ಲಿಸುವ ವಿಧಾನ

(ಸಾರ್ವಜನಿಕರ ಹಾಗೂ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

1. ಪೀಠಿಕೆ

ಪಟ್ಟಣಗಳು ಬೆಳೆದಂತೆ ಅವುಗಳ ಅಂಚಿನಲ್ಲಿರುವ ಗ್ರಾಮಗಳನ್ನು ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿಸುವ ಪ್ರಸ್ತಾವನೆಗಳು ಬರುವುದು ಸಹಜ. ಇಂತಹ ಪ್ರಸ್ತಾವನೆಯನ್ನು ಕೆಲವು ಗ್ರಾಮಗಳು ಸ್ವಾಗತಿಸುತ್ತವೆ. ಕೆಲವು ಗ್ರಾಮ ಪಂಚಾಯಿತಿಗಳು ಠರಾವು ಅಂಗೀಕರಿಸಿ ವಿರೋಧಿಸುತ್ತವೆ. ಎರಡೂ ಸಂದರ್ಭಗಳಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಕಾನೂನು ಒಂದು ನಿರ್ದಿಷ್ಟ ಹಂತವನ್ನು ಕಲ್ಪಿಸಿದೆ. ಸದರಿ ಹಂತ ಮುಗಿದ ನಂತರ ನಡೆಸುವ ಧರಣಿ ಅಥವಾ ಸಲ್ಲಿಸುವ ಮನವಿಗೆ ಕಾನೂನಿನ ದೃಷ್ಟಿಯಲ್ಲಿ ಅಷ್ಟು ಬಲ ಇರುವುದಿಲ್ಲ. ಆದ್ದರಿಂದ ಪ್ರಸ್ತಾವನೆಯ ಹಂತಗಳು, ಅದರಿಂದ ಆಗುವ ಬದಲಾವಣೆಗಳು ಮತ್ತು ಆಕ್ಷೇಪಣೆಯ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ವಿವರಣೆಯ ಅನುಕೂಲಕ್ಕಾಗಿ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಉಗರಗೋಳ ಗ್ರಾಮವನ್ನು ಅಲ್ಲಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದು ಉದಾಹರಣೆ ಮಾತ್ರ. ಸದರಿ ಗ್ರಾಮದ ಬಗ್ಗೆ ಪ್ರಸ್ತಾವನೆ ಇದೆ ಎಂದು ಭಾವಿಸತಕ್ಕದ್ದಲ್ಲ.

2. ಸಂವಿಧಾನ ಮತ್ತು ಕಾಯ್ದೆಗಳ ಚೌಕಟ್ಟು

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಹಾಗೂ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದವು. ಮೊದಲನೆಯದು ಪಂಚಾಯಿತಿಗಳಿಗೂ ಎರಡನೆಯದು ನಗರ ಸ್ಥಳೀಯ ಸಂಸ್ಥೆಗಳಿಗೂ ಸಂವಿಧಾನದ ಮಾನ್ಯತೆ ನೀಡಿದವು. ಸಂವಿಧಾನದ 243ಕ್ಯೂ ಅನುಚ್ಛೇದದ ಪ್ರಕಾರ ನಗರ ಪ್ರದೇಶಗಳಲ್ಲಿ ಮೂರು ವಿಧ: ಗ್ರಾಮದಿಂದ ಪಟ್ಟಣವಾಗುತ್ತಿರುವ ಪರಿವರ್ತನಾ ಪ್ರದೇಶ, ಚಿಕ್ಕ ನಗರ ಪ್ರದೇಶ ಮತ್ತು ದೊಡ್ಡ ನಗರ ಪ್ರದೇಶ. ಇವುಗಳಿಗೆ ಅನುಕ್ರಮವಾಗಿ ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ನಗರಸಭೆ ಮತ್ತು ಮಹಾನಗರ ಪಾಲಿಕೆ ಇರುತ್ತವೆ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಬರುವ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ ಹಾಗೂ ಆರ್ಥಿಕ ಪ್ರಾಮುಖ್ಯವನ್ನು ಗಮನಿಸಿ ರಾಜ್ಯಪಾಲರ ಹೆಸರಿನಲ್ಲಿ ಅಧಿಸೂಚನೆ ಹೊರಡಿಸಲಾಗುತ್ತದೆ.

ರಾಜ್ಯದಲ್ಲಿ ಅನ್ವಯಿಸುವ ಮುಖ್ಯ ಮಾನದಂಡಗಳು ಈ ಕೆಳಕಂಡಂತಿವೆ:

ಅ) ಪಟ್ಟಣ ಪಂಚಾಯಿತಿ (ಕರ್ನಾಟಕ ಪುರಸಭೆಗಳ ಕಾಯ್ದೆ, 1964): ಜನಸಂಖ್ಯೆ 10,000ಕ್ಕಿಂತ ಕಡಿಮೆ ಇಲ್ಲದೆ 20,000ದ ಒಳಗೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಕೃಷಿಯೇತರ ಉದ್ಯೋಗ ಕನಿಷ್ಠ ಶೇ. 50.

ಆ) ಪುರಸಭೆ ಮತ್ತು ನಗರಸಭೆ (ಅದೇ ಕಾಯ್ದೆ): ಜನಸಂಖ್ಯೆ 20,000ಕ್ಕಿಂತ ಕಡಿಮೆ ಇಲ್ಲದೆ 3 ಲಕ್ಷದ ಒಳಗೆ, ಚದರ ಕಿಲೋಮೀಟರಿಗೆ ಕನಿಷ್ಠ 1,500 ಜನ, ಕೃಷಿಯೇತರ ಉದ್ಯೋಗ ಕನಿಷ್ಠ ಶೇ. 50, ಇದರೊಂದಿಗೆ ನಿಗದಿತ ಕನಿಷ್ಠ ಆದಾಯ.

ಇ) ಮಹಾನಗರ ಪಾಲಿಕೆ (ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976): ಜನಸಂಖ್ಯೆ ಕನಿಷ್ಠ 3 ಲಕ್ಷ; ಚದರ ಕಿಲೋಮೀಟರಿಗೆ ಕನಿಷ್ಠ 3,000 ಜನ; ಕೃಷಿಯೇತರ ಉದ್ಯೋಗ ಕನಿಷ್ಠ ಶೇ. 50, ಇದರೊಂದಿಗೆ ನಿಗದಿತ ಕನಿಷ್ಠ ಆದಾಯ.

ಜನಸಂಖ್ಯೆ ಎಂದರೆ ಅಂಕಿ ಅಂಶಗಳು ಪ್ರಕಟವಾಗಿರುವ ಹಿಂದಿನ ಜನಗಣತಿಯ ಸಂಖ್ಯೆ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗೆ ಯಲ್ಲಮ್ಮನಗುಡ್ಡಕ್ಕೆ ಬರುವ ಭಕ್ತರು ಲಕ್ಷಗಟ್ಟಲೆ ಇದ್ದರೂ ಅವರು ಉಗರಗೋಳದ ಅಥವಾ ಸವದತ್ತಿಯ ಜನಸಂಖ್ಯೆಯಲ್ಲಿ ಸೇರುವುದಿಲ್ಲ. ಜಾತ್ರೆಯ ದಿನಗಳಲ್ಲಿ ನೀರು, ನೈರ್ಮಲ್ಯ ಮತ್ತು ಕಸ ವಿಲೇವಾರಿಯ ಹೊರೆ ಹೆಚ್ಚುತ್ತದೆ ಎಂಬುದು ಸೌಲಭ್ಯಕ್ಕೆ ಅನುದಾನ ಕೋರಲು ಉತ್ತಮ ಆಧಾರ; ಆದರೆ ಅದು ಗ್ರಾಮವನ್ನು ನಗರವೆಂದು ಘೋಷಿಸಲು ಬೇಕಾದ ಜನಸಂಖ್ಯೆಯ ಆಧಾರವಲ್ಲ.

ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಯಾವುದೇ ಗ್ರಾಮವು ಅಭಿವೃದ್ಧಿ ಮಂಡಳಿ, ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರದೇಶದ ವ್ಯಾಪ್ತಿಗೆ ಬಂದ ಮಾತ್ರಕ್ಕೆ ಅಲ್ಲಿನ ಗ್ರಾಮ ಪಂಚಾಯಿತಿ ರದ್ದಾಗುವುದಿಲ್ಲ. ಶ್ರೀ ರೇಣುಕಾ ಯಲ್ಲಮ್ಮ ಕ್ಷೇತ್ರದ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಗಾಗಿ 2024ರಲ್ಲಿ ಪ್ರತ್ಯೇಕ ಕಾಯ್ದೆ ರೂಪಿಸಲಾಗಿದೆ. ಮಂಡಳಿಯ ರಚನೆ ಬೇರೆ, ಸ್ಥಳೀಯ ಸಂಸ್ಥೆಯ ವಿಲೀನ ಬೇರೆ. ವಿಲೀನಕ್ಕೆ ಪುರಸಭೆಗಳ ಅಥವಾ ಪೌರ ನಿಗಮಗಳ ಕಾಯ್ದೆಯಡಿ ಪ್ರತ್ಯೇಕ ಅಧಿಸೂಚನೆ ಅಗತ್ಯ.

3. ಪ್ರಸ್ತಾವನೆಯ ಹಂತಗಳು

ಮೊದಲ ಹಂತದಲ್ಲಿ ನಗರ ಸ್ಥಳೀಯ ಸಂಸ್ಥೆ ಅಥವಾ ಸರ್ಕಾರದ ಸೂಚನೆಯ ಮೇರೆಗೆ ಜಿಲ್ಲಾಧಿಕಾರಿಯವರ ಕಚೇರಿಯಲ್ಲಿ ಪ್ರಸ್ತಾವನೆ ಸಿದ್ಧವಾಗುತ್ತದೆ. ಸೇರ್ಪಡೆಯಾಗುವ ಗ್ರಾಮಗಳ ಸರ್ವೆ ನಂಬರುಗಳು, ನಕ್ಷೆ, ಜನಸಂಖ್ಯೆ, ಆದಾಯ ಮತ್ತು ಉದ್ಯೋಗದ ವಿವರಗಳನ್ನು ಇದರಲ್ಲಿ ನೀಡಲಾಗುತ್ತದೆ. ಗ್ರಾಮ ಪಂಚಾಯಿತಿಯ ಅಭಿಪ್ರಾಯವನ್ನು ಸಾಮಾನ್ಯವಾಗಿ ಈ ಹಂತದಲ್ಲಿ ಪಡೆಯಲಾಗುತ್ತದೆ.

ಎರಡನೆಯ ಹಂತದಲ್ಲಿ ನಗರಾಭಿವೃದ್ಧಿ ಇಲಾಖೆಯು ಕರಡು ಅಧಿಸೂಚನೆಯನ್ನು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸುತ್ತದೆ. ಇದರ ಅವಧಿ ಸಾಮಾನ್ಯವಾಗಿ ಪ್ರಕಟಣೆಯ ದಿನಾಂಕದಿಂದ 30 ದಿನಗಳು. ಆಕ್ಷೇಪಣೆಯನ್ನು ಯಾವ ಅಧಿಕಾರಿಗೆ, ಯಾವ ವಿಳಾಸಕ್ಕೆ ಸಲ್ಲಿಸಬೇಕು ಎಂಬುದು ಕರಡಿನಲ್ಲಿಯೇ ನಮೂದಾಗಿರುತ್ತದೆ.

ಮೂರನೆಯ ಹಂತದಲ್ಲಿ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ ಅಂತಿಮ ಅಧಿಸೂಚನೆ ಹೊರಡಿಸಲಾಗುತ್ತದೆ ಅಥವಾ ಪ್ರಸ್ತಾವನೆಯನ್ನು ಮಾರ್ಪಡಿಸಲಾಗುತ್ತದೆ ಇಲ್ಲವೇ ಕೈಬಿಡಲಾಗುತ್ತದೆ. ಅಂತಿಮ ಅಧಿಸೂಚನೆಯು ಜಾರಿಗೆ ಬಂದಾಗ ಸದರಿ ಪ್ರದೇಶದಲ್ಲಿ ಗ್ರಾಮ ಪಂಚಾಯಿತಿಯ ಅಧಿಕಾರ ಕೊನೆಗೊಳ್ಳುತ್ತದೆ. ಪಂಚಾಯಿತಿಯ ಆಸ್ತಿ, ಸಾಲ, ವಸೂಲಾಗಬೇಕಾದ ತೆರಿಗೆ ಹಾಗೂ ದಾಖಲೆಗಳು ನಗರ ಸಂಸ್ಥೆಗೆ ವರ್ಗಾವಣೆಯಾಗುತ್ತವೆ.

ಜನಗಣತಿಯ ಕಾರಣದಿಂದ ಕಾಲಮಿತಿಯೂ ಇದೆ. 2027ರ ಜನಗಣತಿಗಾಗಿ ಆಡಳಿತ ಗಡಿಗಳ ಬದಲಾವಣೆಯನ್ನು 2025ರ ಡಿಸೆಂಬರ್ 31ರೊಳಗೆ ಮುಗಿಸುವಂತೆ ರಾಜ್ಯಗಳಿಗೆ ತಿಳಿಸಲಾಗಿತ್ತು. 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ ಗಡಿಗಳನ್ನು ಸ್ಥಿರಗೊಳಿಸಲಾಗಿದೆ.

4. ವಿಲೀನದಿಂದ ಆಗುವ ಬದಲಾವಣೆಗಳು

ಅ) ಪ್ರಾತಿನಿಧ್ಯ: ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುತ್ತಾರೆ. ಪುರಸಭೆಗಳಲ್ಲಿ ಸದಸ್ಯರ ಸಂಖ್ಯೆ ಸಾಮಾನ್ಯವಾಗಿ 23 ಅಥವಾ 27. ಆದ್ದರಿಂದ 8,000 ಜನರಿಗೆ 20 ಸದಸ್ಯರಿದ್ದ ಊರಿಗೆ, ವಿಲೀನದ ನಂತರ ಬೆರಳೆಣಿಕೆಯ ವಾರ್ಡುಗಳು ಮಾತ್ರ ದೊರೆಯುತ್ತವೆ. ಗ್ರಾಮ ಸಭೆಯೂ ಇರುವುದಿಲ್ಲ. ತಾಲೂಕು ಹಾಗೂ ಜಿಲ್ಲಾ ಪಂಚಾಯಿತಿ ಚುನಾವಣೆಗಳಲ್ಲಿ ಸದರಿ ಪ್ರದೇಶದವರಿಗೆ ಮತದಾನದ ಹಕ್ಕು ಇರುವುದಿಲ್ಲ.

ಆ) ಉದ್ಯೋಗ ಖಾತರಿ: 2005ರ ಕಾಯ್ದೆಯಡಿ ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸದ ಖಾತರಿ ನೀಡಲಾಯಿತು. ಇದರ ಬದಲಿಗೆ 125 ದಿನಗಳ ಖಾತರಿ ನೀಡುವ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಎರಡೂ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಸೀಮಿತ. ಮಳೆಯಾಶ್ರಿತ ಬೇಸಾಯದ ಊರುಗಳಲ್ಲಿ ಬೇಸಿಗೆಯ ಕೂಲಿಗೆ ಇದನ್ನೇ ನಂಬಿದ ಕುಟುಂಬಗಳು ವಿಲೀನದ ದಿನದಿಂದ ಈ ಹಕ್ಕನ್ನು ಕಳೆದುಕೊಳ್ಳುತ್ತವೆ.

ಇ) ಗ್ರಾಮೀಣ ಮೀಸಲಾತಿ: ವೃತ್ತಿ ಶಿಕ್ಷಣ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಶೇ. 15ರಷ್ಟು ಹಾಗೂ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 25ರಷ್ಟು ಗ್ರಾಮೀಣ ಮೀಸಲಾತಿ ಇದೆ. ಇದಕ್ಕೆ 1ನೇ ತರಗತಿಯಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಯಾವುದೇ ನಗರ ಪ್ರದೇಶ ಈ ಅರ್ಥದಲ್ಲಿ ಗ್ರಾಮೀಣವಲ್ಲ. ವಿಲೀನವಾದ ಪ್ರದೇಶದ ಪಾಲಕರು ಅಂತಿಮ ಅಧಿಸೂಚನೆಯ ಪ್ರತಿಯನ್ನು ಪಡೆದು, ಶಾಲೆ ಇರುವ ಸ್ಥಳ ಯಾವ ದಿನಾಂಕದವರೆಗೆ ಗ್ರಾಮೀಣವಾಗಿತ್ತು ಎಂಬುದಕ್ಕೆ ದಾಖಲೆಯಾಗಿ ಇಟ್ಟುಕೊಳ್ಳುವುದು ಅಗತ್ಯ.

ಈ) ವಸತಿ ಮತ್ತು ಅನುದಾನ: ಪ್ರಧಾನ ಮಂತ್ರಿ ಆವಾಸ್ ಯೋಜನೆಗೆ ಗ್ರಾಮೀಣ ಮತ್ತು ನಗರ ಎಂಬ ಪ್ರತ್ಯೇಕ ವಿಭಾಗಗಳಿವೆ. ರಾಜ್ಯದ ಬಸವ ವಸತಿ ಯೋಜನೆ ಗ್ರಾಮೀಣ ಪ್ರದೇಶಕ್ಕೆ, ವಾಜಪೇಯಿ ನಗರ ವಸತಿ ಯೋಜನೆ ನಗರ ಪ್ರದೇಶಕ್ಕೆ ಸಂಬಂಧಿಸಿದ್ದು. ಹಣಕಾಸು ಆಯೋಗದ ಅನುದಾನವೂ ಎರಡು ಪ್ರತ್ಯೇಕ ಬಾಬುಗಳಲ್ಲಿ ಬರುತ್ತದೆ. ಮಂಜೂರಾಗಿ ಪೂರ್ಣಗೊಳ್ಳದ ಮನೆಗಳ ಪಟ್ಟಿಯನ್ನು ವಿಲೀನಕ್ಕೆ ಮೊದಲೇ ಪಂಚಾಯಿತಿಯಿಂದ ದೃಢೀಕರಿಸಿಕೊಳ್ಳತಕ್ಕದ್ದು.

ಉ) ತೆರಿಗೆ ಮತ್ತು ಆಸ್ತಿ ದಾಖಲೆ: ಪುರಸಭೆಯ ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಮೌಲ್ಯದ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ರಲ್ಲಿದ್ದ ಗಾವಠಾಣ ಹಾಗೂ ಇತರ ಆಸ್ತಿಗಳ ವಿವರ ಪುರಸಭೆಯ ಇ-ಆಸ್ತಿ ತಂತ್ರಾಂಶಕ್ಕೆ ಹೋಗಬೇಕಾಗುತ್ತದೆ. ಮನೆ ಕಟ್ಟಲು ಪರವಾನಿಗೆಯನ್ನು ಪುರಸಭೆಯಿಂದ ಪಡೆಯಬೇಕಾಗುತ್ತದೆ.

ಊ) ಅನುಕೂಲಗಳು: ನಗರ ಸಂಸ್ಥೆಗಳಲ್ಲಿ ಪೌರಕಾರ್ಮಿಕರು, ಎಂಜಿನಿಯರುಗಳು ಹಾಗೂ ಆರೋಗ್ಯ ನಿರೀಕ್ಷಕರ ಹುದ್ದೆಗಳಿರುತ್ತವೆ. ಒಳಚರಂಡಿ, ದೊಡ್ಡ ಪ್ರಮಾಣದ ಕುಡಿಯುವ ನೀರಿನ ಯೋಜನೆ ಮತ್ತು ಕಸ ಸಂಸ್ಕರಣೆಯಂತಹ ಕಾಮಗಾರಿಗಳನ್ನು ಕೈಗೊಳ್ಳಲು ಅವುಗಳಿಗೆ ಹೆಚ್ಚಿನ ಸಾಮರ್ಥ್ಯವಿದೆ. ಬಡಾವಣೆಗಳಿಂದ ತುಂಬಿ, ಬೇಸಾಯ ಬಹುಪಾಲು ನಿಂತುಹೋಗಿರುವ ಗ್ರಾಮಗಳಿಗೆ ವಿಲೀನ ಪ್ರಯೋಜನಕಾರಿಯಾಗಬಹುದು. ಆದರೆ ಸೌಲಭ್ಯ ಬರುವ ದಿನಾಂಕ ಅಧಿಸೂಚನೆಯಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬಾರದು.

5. ಹಿಂದಿನ ಪ್ರಕರಣಗಳಿಂದ ತಿಳಿಯುವ ಅಂಶಗಳು

ಹುಬ್ಬಳ್ಳಿ-ಧಾರವಾಡ: ಸುಮಾರು 20 ಕಿಲೋಮೀಟರ್ ಅಂತರದ ಈ ಎರಡು ನಗರಗಳ ಪೌರಸಂಸ್ಥೆಗಳನ್ನು 1962ರಲ್ಲಿ ಒಂದೇ ಪಾಲಿಕೆಯಾಗಿ ಸೇರಿಸಲಾಯಿತು. ಅನುದಾನ ಹಾಗೂ ಆಡಳಿತ ಹುಬ್ಬಳ್ಳಿಯ ಕಡೆಗೆ ವಾಲಿವೆ ಎಂಬ ಕಾರಣ ನೀಡಿ ಧಾರವಾಡದ ನಾಗರಿಕರು ಪ್ರತ್ಯೇಕ ಪಾಲಿಕೆಗಾಗಿ ದೀರ್ಘಕಾಲ ಹೋರಾಟ ನಡೆಸಿದರು. 82 ವಾರ್ಡುಗಳ ಪಾಲಿಕೆಯಿಂದ 26 ವಾರ್ಡುಗಳನ್ನು ಬೇರ್ಪಡಿಸಿ ಧಾರವಾಡ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ವಿಲೀನಕ್ಕೂ ಈ ಒಪ್ಪಿಗೆಗೂ ನಡುವೆ 60ಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಸೇರಿದ ಸಂಸ್ಥೆಯಿಂದ ಹೊರಬರುವುದು ಎಷ್ಟು ನಿಧಾನವೆಂದು ಸವದತ್ತಿ ಭಾಗದವರಿಗೆ ಸಮೀಪದ ಈ ಪ್ರಕರಣವೇ ತಿಳಿಸುತ್ತದೆ.

ಬೆಂಗಳೂರು: 2007ರ ಜನವರಿಯಲ್ಲಿ 7 ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿಸಲಾಯಿತು. ವಾರ್ಡುಗಳು 100ರಿಂದ 198ಕ್ಕೆ ಏರಿದವು. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಸೇರ್ಪಡೆಯಾದ ಗ್ರಾಮಗಳಿಗೆ ಚುನಾಯಿತ ಸ್ಥಳೀಯ ಪ್ರತಿನಿಧಿ ಇರಲಿಲ್ಲ. ಈ 110 ಗ್ರಾಮಗಳಿಗೆ ಕಾವೇರಿ ನೀರು ಒದಗಿಸುವ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ವಿಲೀನವಾಗಿ 17 ವರ್ಷಗಳ ನಂತರ. ಆ ಪಾಲಿಕೆಯನ್ನೂ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಲ್ಲಿ 5 ಪಾಲಿಕೆಗಳಾಗಿ ವಿಂಗಡಿಸಲಾಯಿತು.

ಮದ್ದೂರು: ಮಂಡ್ಯ ಜಿಲ್ಲೆಯ ಮದ್ದೂರು ಪುರಸಭೆಯನ್ನು ನಗರಸಭೆಯಾಗಿ ಮೇಲ್ದರ್ಜೆಗೇರಿಸುವಾಗ ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸುವ ಕ್ರಮಕ್ಕೆ 2025ರಲ್ಲಿ ಗೆಜ್ಜಲಗೆರೆ ಗ್ರಾಮಸ್ಥರು ವಿರೋಧ ವ್ಯಕ್ತಪಡಿಸಿ ಧರಣಿ ನಡೆಸಿದರು. ಗೆಜ್ಜಲಗೆರೆಯಲ್ಲಿ ಹಾಲು ಒಕ್ಕೂಟದ ಡೇರಿ ಹಾಗೂ ಕೈಗಾರಿಕಾ ಪ್ರದೇಶವಿದೆ. ಸ್ವಂತ ಆದಾಯದ ಮೂಲವಿರುವ ಪಂಚಾಯಿತಿಗೆ ವಿಲೀನವೆಂದರೆ ಆ ಆದಾಯವನ್ನು ಎಲ್ಲಿ ಖರ್ಚು ಮಾಡಬೇಕೆಂದು ನಿರ್ಧರಿಸುವ ಅಧಿಕಾರವನ್ನೂ ಬಿಟ್ಟುಕೊಡುವುದು ಎಂದರ್ಥ.

ಉಲ್ಹಾಸನಗರ: ಮಹಾರಾಷ್ಟ್ರದಲ್ಲಿ 1982ರ ಕರಡು ಅಧಿಸೂಚನೆಯು ಕಲ್ಯಾಣ ಪಾಲಿಕೆಗೆ ಉಲ್ಹಾಸನಗರ ಪುರಸಭೆಯನ್ನೂ ಸೇರಿಸಿತ್ತು. ಅಲ್ಲಿನವರ ಆಕ್ಷೇಪಣೆಗಳ ನಂತರ 1983ರಲ್ಲಿ ಉಲ್ಹಾಸನಗರವನ್ನು ಕೈಬಿಟ್ಟು ಪಾಲಿಕೆ ರಚಿಸಲಾಯಿತು. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಮಹತ್ವದ ತೀರ್ಪು ನೀಡಿತು. ಸ್ಥಳೀಯ ಸಂಸ್ಥೆಯ ಗಡಿ ನಿಗದಿಯು ಶಾಸನಾತ್ಮಕ ಸ್ವರೂಪದ ಕಾರ್ಯ. ಕಾಯ್ದೆಯಲ್ಲಿ ಹೇಳಿದ ಆಕ್ಷೇಪಣೆಯ ಅವಕಾಶಕ್ಕಿಂತ ಹೆಚ್ಚಿನ ವಿಚಾರಣೆಯನ್ನು ಹಕ್ಕೆಂದು ಕೇಳಲಾಗದು ಎಂಬುದು ಅದರ ತಿರುಳು. ಪಂಜಾಬಿನ ಗ್ರಾಮ ಸಭಾ ಪ್ರದೇಶಗಳ ಪ್ರಕರಣದಲ್ಲಿ 2002ರಲ್ಲಿಯೂ ಇದೇ ನಿಲುವನ್ನು ತಾಳಲಾಯಿತು. ಅರ್ಥಾತ್, ಕರಡಿನ ಮೇಲಿನ ಆಕ್ಷೇಪಣೆಯ ಅವಧಿಯೇ ನಾಗರಿಕರಿಗೆ ಕಾನೂನು ನೀಡಿರುವ ಮುಖ್ಯ ಅವಕಾಶ.

ಇತರ ದೇಶಗಳು: ಜಪಾನಿನಲ್ಲಿ 1999ರಲ್ಲಿ 3,232 ಇದ್ದ ಸ್ಥಳೀಯ ಸಂಸ್ಥೆಗಳನ್ನು 2010ರ ಮಾರ್ಚ್ ವೇಳೆಗೆ 1,727ಕ್ಕೆ ಇಳಿಸಲಾಯಿತು. ಅಲ್ಲಿನ ಯಮತ್ಸುರಿ ಎಂಬ ಚಿಕ್ಕ ಪಟ್ಟಣದ ಸಭೆಯು 2001ರಲ್ಲಿಯೇ ವಿಲೀನಕ್ಕೆ ಒಪ್ಪುವುದಿಲ್ಲವೆಂದು ಘೋಷಿಸಿ ಪ್ರತ್ಯೇಕವಾಗಿ ಉಳಿಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ 2002ರಲ್ಲಿ ವಿಲೀನಗೊಂಡ ಸಂಸ್ಥೆಗಳ ಪೈಕಿ 15, ಜನಮತಗಣನೆಯ ನಂತರ 2006ರಲ್ಲಿ ಮತ್ತೆ ಬೇರ್ಪಟ್ಟವು. ನಮ್ಮ ರಾಜ್ಯದ ಕಾಯ್ದೆಗಳಲ್ಲಿ ಇದಕ್ಕಾಗಿ ಜನಮತಗಣನೆಯ ಅವಕಾಶವಿಲ್ಲ. ಠರಾವು ಮತ್ತು ಲಿಖಿತ ಆಕ್ಷೇಪಣೆಗಳೇ ಇಲ್ಲಿನ ಮಾರ್ಗ.

6. ಗ್ರಾಮ ಪಂಚಾಯಿತಿಗಳು ಅನುಸರಿಸಬಹುದಾದ ಕ್ರಮ

ಅ) ಪ್ರಸ್ತಾವನೆಯ ಸುಳಿವು ದೊರೆತ ಕೂಡಲೇ, ಕರಡು ಪ್ರಕಟವಾಗುವ ಮೊದಲೇ, ಮಾಹಿತಿ ಹಕ್ಕು ಕಾಯ್ದೆ, 2005ರಡಿ ಜಿಲ್ಲಾಧಿಕಾರಿಯವರ ಕಚೇರಿಗೆ ಅರ್ಜಿ ಸಲ್ಲಿಸಿ ನಕ್ಷೆ, ಸರ್ವೆ ನಂಬರುಗಳ ಪಟ್ಟಿ ಮತ್ತು ಅಂಕಿ ಅಂಶಗಳ ಪ್ರತಿ ಪಡೆಯುವುದು. ಅರ್ಜಿ ಶುಲ್ಕ ರೂ. 10. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ. ಆಕ್ಷೇಪಣೆಯ ಅವಧಿಯೂ ಸಾಮಾನ್ಯವಾಗಿ 30 ದಿನಗಳೇ ಆಗಿರುವುದರಿಂದ, ಕರಡು ಪ್ರಕಟವಾದ ನಂತರ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಆ) ವಿಶೇಷ ಗ್ರಾಮ ಸಭೆ ಕರೆದು, ನಿಯಮಾನುಸಾರ ಕೋರಂ ಇರುವುದನ್ನು ಹಾಜರಾತಿ ಪುಸ್ತಕದಲ್ಲಿ ದಾಖಲಿಸಿ, ಪರ ಮತ್ತು ವಿರೋಧದ ಅಭಿಪ್ರಾಯಗಳೆರಡನ್ನೂ ನಡವಳಿಯಲ್ಲಿ ಬರೆಯುವುದು. ನಂತರ ಪಂಚಾಯಿತಿಯ ಸಭೆಯಲ್ಲಿ ಠರಾವು ಅಂಗೀಕರಿಸುವುದು.

ಇ) ಒಂದೇ ಪ್ರಸ್ತಾವನೆಯಲ್ಲಿರುವ ಇತರ ಪಂಚಾಯಿತಿಗಳೊಂದಿಗೆ ಸಮಾಲೋಚಿಸಿ ಜಂಟಿ ಮನವಿ ಸಿದ್ಧಪಡಿಸಬಹುದು. ಆದರೆ ಪ್ರತಿಯೊಂದು ಪಂಚಾಯಿತಿಯ ಠರಾವು ಪ್ರತ್ಯೇಕವಾಗಿರತಕ್ಕದ್ದು. ಅಂಕಿ ಅಂಶಗಳು ಊರಿನಿಂದ ಊರಿಗೆ ಬೇರೆಯಾಗಿರುತ್ತವೆ.

ಈ) ಠರಾವಿನ ದೃಢೀಕೃತ ಪ್ರತಿಯನ್ನು ಕರಡಿನಲ್ಲಿ ಸೂಚಿಸಿದ ಅಧಿಕಾರಿಗೆ ಸ್ವೀಕೃತಿ ಸಹಿತ ಸಲ್ಲಿಸಿ, ಪ್ರತಿಗಳನ್ನು ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಕಳುಹಿಸುವುದು.

7. ಆಕ್ಷೇಪಣೆಯಲ್ಲಿ ಇರಬೇಕಾದ ವಿವರಗಳು

ಆಕ್ಷೇಪಣೆಗೆ ನಿಗದಿತ ನಮೂನೆ ಇಲ್ಲದಿದ್ದಲ್ಲಿ ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆಯಬಹುದು. ಕರಡು ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಆಕ್ಷೇಪಣೆದಾರರ ಹೆಸರು, ವಿಳಾಸ, ಸಹಿ, ಹಾಗೂ ಸಂಬಂಧಿಸಿದ ಗ್ರಾಮ ಅಥವಾ ಸರ್ವೆ ನಂಬರನ್ನು ಕಡ್ಡಾಯವಾಗಿ ನಮೂದಿಸತಕ್ಕದ್ದು. ವಾಸಸ್ಥಳದ ದಾಖಲೆಯ ಪ್ರತಿಯನ್ನು ಲಗತ್ತಿಸುವುದು ಸೂಕ್ತ.

“ನಮಗೆ ವಿಲೀನ ಬೇಡ” ಎಂಬ ಒಂದೇ ವಾಕ್ಯದ ಸಾವಿರ ಸಹಿಗಳಿಗಿಂತ, ಕಾಯ್ದೆಯ ಮಾನದಂಡಕ್ಕೆ ಉತ್ತರ ಕೊಡುವ ಒಂದು ಪುಟ ಹೆಚ್ಚು ಪರಿಣಾಮಕಾರಿ. ಉದಾಹರಣೆಗೆ, ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೈತರು ಅಥವಾ ಕೃಷಿ ಕೂಲಿಕಾರರೇ. ಪ್ರಸ್ತಾವನೆಯಲ್ಲಿನ ವಿಸ್ತೀರ್ಣ ಮತ್ತು ಜನಸಂಖ್ಯೆಯಿಂದ ಲೆಕ್ಕ ಹಾಕಿದ ಜನಸಾಂದ್ರತೆ ಎಷ್ಟು. ಗ್ರಾಮವು ಪಟ್ಟಣಕ್ಕೆ ಹೊಂದಿಕೊಂಡಿದೆಯೇ ಅಥವಾ ನಡುವೆ ಹೊಲಗಳಿವೆಯೇ. ಪಂಚಾಯಿತಿಯ ತೆರಿಗೆ ವಸೂಲಾತಿ ಎಷ್ಟು. ಉದ್ಯೋಗ ಖಾತರಿಯಲ್ಲಿ ಕೆಲಸ ಪಡೆದ ಕುಟುಂಬಗಳೆಷ್ಟು. ಈಗಾಗಲೇ ಪುರಸಭೆಯ ವ್ಯಾಪ್ತಿಯಲ್ಲಿರುವ ಅಂಚಿನ ವಾರ್ಡುಗಳಿಗೆ ನೀರು, ಚರಂಡಿ ದೊರೆತಿದೆಯೇ ಎಂಬ ಅಂಶಗಳನ್ನು ದಾಖಲೆ ಸಹಿತ ನೀಡಬಹುದು. ಇಡೀ ಗ್ರಾಮದ ಬದಲು ಬಡಾವಣೆಯಾಗಿರುವ ಸರ್ವೆ ನಂಬರುಗಳನ್ನಷ್ಟೇ ಸೇರಿಸಬೇಕೆಂಬ ಸಲಹೆಯನ್ನೂ ಸಲ್ಲಿಸಬಹುದು. ವಿಲೀನವನ್ನು ಬೆಂಬಲಿಸುವವರೂ ಇದೇ ಅವಧಿಯಲ್ಲಿ ಲಿಖಿತವಾಗಿ ತಿಳಿಸಬಹುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗ್ರಾಮ ಸಭೆ ವಿರೋಧಿಸಿದರೆ ಪ್ರಸ್ತಾವನೆ ತಾನಾಗಿಯೇ ರದ್ದಾಗುವುದೇ?
ಉತ್ತರ: ಇಲ್ಲ. ಠರಾವು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೆ ಪರಿಶೀಲನೆಯ ಕಡತದಲ್ಲಿ ಅದು ಮುಖ್ಯ ದಾಖಲೆ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾದಲ್ಲಿಯೂ ಆಧಾರವಾಗುತ್ತದೆ.

ಪ್ರಶ್ನೆ: ಅಂತಿಮ ಅಧಿಸೂಚನೆಯ ನಂತರ ಏನು ಮಾಡಬಹುದು?
ಉತ್ತರ: ಕಾಯ್ದೆಯ ವಿಧಾನವನ್ನು ಪಾಲಿಸಿಲ್ಲ ಅಥವಾ ಆಕ್ಷೇಪಣೆಗಳನ್ನು ಪರಿಗಣಿಸಿಲ್ಲ ಎಂಬ ಆಧಾರದ ಮೇಲೆ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು. ವಿಲೀನ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಸರ್ಕಾರದ ವಿವೇಚನೆಗೆ ಬಿಡುತ್ತವೆ.

ಪ್ರಶ್ನೆ: ವಿಲೀನವಾದರೆ ಮನೆ, ಜಾಗದ ಮಾಲೀಕತ್ವ ಬದಲಾಗುವುದೇ?
ಉತ್ತರ: ಇಲ್ಲ. ದಾಖಲೆ ನಿರ್ವಹಿಸುವ ಸಂಸ್ಥೆ ಮಾತ್ರ ಬದಲಾಗುತ್ತದೆ. ಪಂಚಾಯಿತಿ ನೀಡಿದ ನಮೂನೆಗಳು, ತೆರಿಗೆ ರಸೀದಿಗಳು ಮತ್ತು ಪರವಾನಿಗೆ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಕೃಷಿ ಜಮೀನಿನ ಪಹಣಿ, ಅಂದರೆ ಉತಾರ, ಕಂದಾಯ ಇಲಾಖೆಯಲ್ಲಿಯೇ ಮುಂದುವರಿಯುತ್ತದೆ.

ಪ್ರಶ್ನೆ: ಪಂಚಾಯಿತಿಗೆ ಸಲ್ಲಿಸಿದ ಅರ್ಜಿ ಇತ್ಯರ್ಥವಾಗುವ ಮೊದಲೇ ವಿಲೀನವಾದರೆ?
ಉತ್ತರ: ಕಡತವು ಇತರ ದಾಖಲೆಗಳೊಂದಿಗೆ ನಗರ ಸಂಸ್ಥೆಗೆ ಹೋಗುತ್ತದೆ. ಅರ್ಜಿದಾರರು ಸ್ವೀಕೃತಿ ಪತ್ರದೊಂದಿಗೆ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರನ್ನು ಸಂಪರ್ಕಿಸಿ, ಅರ್ಜಿ ಅಲ್ಲಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

9. ಸೂಚನೆ

ಆಕ್ಷೇಪಣೆಯ ಅವಧಿಯ ಲೆಕ್ಕ ರಾಜ್ಯಪತ್ರದ ಪ್ರಕಟಣೆಯ ದಿನಾಂಕದಿಂದ ಆರಂಭವಾಗುತ್ತದೆಯೇ ಹೊರತು, ಸುದ್ದಿ ಊರಿಗೆ ತಲುಪಿದ ದಿನದಿಂದ ಅಲ್ಲ. ಆದ್ದರಿಂದ ಪಟ್ಟಣಗಳಿಗೆ ಹತ್ತಿರವಿರುವ ಗ್ರಾಮ ಪಂಚಾಯಿತಿಗಳು ರಾಜ್ಯಪತ್ರವನ್ನು ನಿಯಮಿತವಾಗಿ ಪರಿಶೀಲಿಸಿ, ಕರಡು ಪ್ರಕಟವಾದಲ್ಲಿ ಅದರ ಪ್ರತಿಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವುದು ಹಾಗೂ ಕೊನೆಯ ದಿನಾಂಕವನ್ನು ಡಂಗುರದ ಮೂಲಕ ಸಾರಿಸುವುದು ಸೂಕ್ತ. ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪುರಸಭೆಯ ಮುಖ್ಯಾಧಿಕಾರಿ ಅಥವಾ ಜಿಲ್ಲಾಧಿಕಾರಿಯವರ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.